ಮುಳ್ಳುಬೇಲಿ ದಾಟಿದ ಔಷಧಿ

ಹಾಸನದಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಕೈಕಾಲು ಸ್ವಾಧೀನವಿಲ್ಲದ, ಫಿಟ್ಸ್ ಬರುವ ಮಕ್ಕಳನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ಬೆಳಿಗ್ಗೆ ವ್ಯಾನಿನಲ್ಲಿ ಕರೆತಂದು, ಸಂಜೆ ಮನೆಗೆ ಬಿಟ್ಟುಬರುತ್ತಿದ್ದೆವು. ನಾನಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಮಗುವಿನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಎಳೆಯುವುದು, ಸೊಂಟಕ್ಕೆ ಆಸರೆ ಕೊಟ್ಟು ನಿಲ್ಲಿಸುವುದು, ನನ್ನ ಕೆಲಸವೆಲ್ಲ ಮುಟ್ಟುವುದರಲ್ಲೇ ಇತ್ತು. ಕೊರೊನಾ ಬಂದು ಎಲ್ಲವೂ ಮುಚ್ಚಿದಾಗ ಮುಟ್ಟುವುದೇ ತಪ್ಪಾಯಿತು.

ಮೊದಲು ಫೋನಿನಲ್ಲಿ ಹೇಳಿಕೊಡಲು ನೋಡಿದೆವು. ದೊಡ್ಡ ಫೋನ್ ಇದ್ದ ಮನೆಗಳು ಕಡಿಮೆ. ಉಳಿದ ತಾಯಂದಿರು ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಮಗುವಿನ ಕಾಲು ಹಿಡಿಯುತ್ತಿದ್ದರು. ಎಷ್ಟು ಬಗ್ಗಿತು, ಎಲ್ಲಿ ಬಿಗಿಯಿತು ಎಂದು ನಾನು ಅವರ ಮಾತಿನಿಂದಲೇ ಊಹಿಸಬೇಕಿತ್ತು.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಫಿಟ್ಸಿನ ಔಷಧಿ. ಒಮ್ಮೆಗೇ ನಿಂತರೆ ಫಿಟ್ಸ್ ಮತ್ತೆ ಮೇಲೆದ್ದು ಬರುತ್ತದೆ. ಬಸ್ಸಿಲ್ಲ, ಹಳ್ಳಿಯ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ವ್ಯಾನಿನ ಹಿಂದಿನ ಸೀಟುಗಳನ್ನು ಬಿಚ್ಚಿಸಿ, ದಿನಸಿ ಮತ್ತು ಔಷಧಿ ತುಂಬಿಕೊಂಡು, ಪಾಸ್ ಪಡೆದು ನಾವೇ ಹೊರಟೆವು. ನಾವು ಎಂದರೆ ನಾನು ಮತ್ತು ನಮ್ಮ ಡ್ರೈವರಣ್ಣ. ಅವರಿಗೆ ಸಕ್ಕರೆ ಕಾಯಿಲೆ. ನಮ್ಮ ಮನೆಯಲ್ಲಿ ಅತ್ತೆಗೆ ಉಬ್ಬಸ. ಹೋಗಬೇಡ ಎಂದು ಅತ್ತೆ ಒಂದು ದಿನವೂ ಅನ್ನಲಿಲ್ಲ. ಹಿತ್ತಲ ಬಾಗಿಲಿನ ಹತ್ತಿರ ಬಿಸಿನೀರು, ಸೋಪು ಇಟ್ಟು ತಮ್ಮ ಕೋಣೆ ಸೇರಿಕೊಳ್ಳುತ್ತಿದ್ದರು.

ಗೊರೂರು ದಾಟಿ ಅರಕಲಗೂಡಿನ ಕಡೆಗೆ ಹೋಗುವಾಗ ಒಳಗೆ ಒಂದು ಊರು. ಅಲ್ಲಿ ನಮ್ಮ ಸೆಂಟರಿಗೆ ಬರುತ್ತಿದ್ದ ಏಳೆಂಟು ವರ್ಷದ ಹುಡುಗಿಯಿದ್ದಳು. ಅವಳ ಅಪ್ಪ ಲಾರಿ ಓಡಿಸುವವನು, ಉತ್ತರ ಕರ್ನಾಟಕದಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದ್ದ. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಔಷಧಿ ಹಿಂದಿನ ದಿನವೇ ಮುಗಿದಿದೆ ಎಂದು ತಾಯಿ ಬೆಳಿಗ್ಗೆ ಫೋನ್ ಮಾಡಿದ್ದಳು. ಮಗುವನ್ನು ನೋಡುತ್ತಿದ್ದ ಡಾಕ್ಟರು ಸಿರಪ್ಪಿನ ಜೊತೆಗೆ, ಫಿಟ್ಸ್ ನಿಲ್ಲದೆ ಹೋದರೆ ಮೂಗಿಗೆ ಹೊಡೆಯುವ ಒಂದು ಸ್ಪ್ರೇ ಬರೆದುಕೊಟ್ಟು, ಬಳಸುವ ಬಗೆಯನ್ನು ನನಗೆ ಹೇಳಿಕೊಟ್ಟಿದ್ದರು.

ಊರ ಬಾಗಿಲಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ, ಅದರ ಮೇಲೆ ಜಾಲಿಮುಳ್ಳು. ನಾಲ್ಕೈದು ಜನ ಬಾಯಿಗೆ ಟವಲ್ ಸುತ್ತಿಕೊಂಡು ನಿಂತಿದ್ದರು. ಮುಂದಿದ್ದವನು ನಲವತ್ತರ ಆಸುಪಾಸಿನ, ಕೈಯಲ್ಲಿ ಮಚ್ಚು ಹಿಡಿದ ರೈತ. ನಾನು ಪಾಸ್ ತೋರಿಸಿದೆ. ಅವನು ಅದರತ್ತ ನೋಡಲಿಲ್ಲ.

"ಒಳಕ್ಕೆ ಬಿಡಂಗಿಲ್ಲ ಕಣಮ್ಮ. ಆಸನದಲ್ಲಿ ಅದು ಬಂದ್ಬುಟ್ಟದೆ ಅಂತಾರೆ. ನಮ್ಮೂರಲ್ಲೂ ಮಕ್ಳು ಮರಿ ಅವ್ರೆ."

ಮಗುವಿನ ಔಷಧಿ ಎಂದೆ. ಇಟ್ಟು ಹೋಗಿ, ಸಂಜೆ ಯಾರಾದರೂ ಕೊಡುತ್ತಾರೆ ಎಂದ. ಡ್ರೈವರಣ್ಣ ಕೈಮುಗಿದು ಕೇಳಿದರು. ಹಿಂದಿದ್ದವನೊಬ್ಬ ಕಲ್ಲು ಎತ್ತಿಕೊಂಡು, ವ್ಯಾನ್ ತಿರುಗಿಸದಿದ್ದರೆ ಗಾಜು ಉಳಿಯುವುದಿಲ್ಲ ಎಂದು ಬೆದರಿಸಿದ. ಅದೇ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು. ಹುಡುಗಿಯ ತಾಯಿ.

"ಅಕ್ಕಾ, ಸುರುವಾಯ್ತು. ಕೈಕಾಲು ಸೆಟ್ಕೊಂಡವೆ. ನಿಲ್ತಾನೇ ಇಲ್ಲ ಅಕ್ಕಾ."

ಅವಳಿಗೂ ಸ್ಪೀಕರ್ ಹಾಕಲು ಹೇಳಿ, ನಾನೂ ಹಾಕಿ ಫೋನನ್ನು ಬೇಲಿಯ ಕಡೆ ಹಿಡಿದೆ. ಮಗುವಿನ ಗಂಟಲಿನ ಗೊರಗೊರ ಸದ್ದು ಅಲ್ಲಿದ್ದ ಎಲ್ಲರಿಗೂ ಕೇಳಿತು. ಕಲ್ಲು ಹಿಡಿದವನು ಬೇರೆ ಕಡೆ ಮುಖ ತಿರುಗಿಸಿದ. ಮಚ್ಚಿನವನು ಮಾತ್ರ ಕೇಳುತ್ತಲೇ ನಿಂತ. ಅವನ ಮನೆ ಆ ಹುಡುಗಿಯ ಮನೆಯ ಹಿಂದಿನ ಸಾಲಿನಲ್ಲೇ ಇತ್ತಂತೆ. ಹುಡುಗಿಯ ಫಿಟ್ಸ್ ಗ್ರಹಚೇಷ್ಟೆ ಎಂದುಕೊಂಡು ಊರಿನವರಾರೂ ಆ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ.

"ನೀವು ಬರಬ್ಯಾಡಿ. ಇಲ್ಲಿ ಕೊಡಿ, ನಾನೇ ಓಯ್ತೀನಿ," ಎಂದ.

ಔಷಧಿಯ ಚೀಲವನ್ನು ದಿಮ್ಮಿಯ ಮೇಲಿಟ್ಟು ಹಿಂದೆ ಸರಿದೆ. ಅವನು ಮಚ್ಚನ್ನು ನೆಲಕ್ಕೆಸೆದು, ಚೀಲ ಎತ್ತಿಕೊಂಡು ಓಡಿದ.

ಆಮೇಲಿನದೆಲ್ಲ ನನಗೆ ಬರೀ ಸದ್ದು. ಬಾಗಿಲು ದೂಡಿದ್ದು, ಪಾತ್ರೆಯೊಂದು ಉರುಳಿದ್ದು, ತಾಯಿಯ ಅಳು. ಅವನು ಮಗುವಿನ ಕೈಗೆ ಹಿಡಿಸಲು ಕಬ್ಬಿಣದ ಬೀಗದ ಕೈ ಎಲ್ಲಿ ಎಂದು ಕೇಳುತ್ತಿದ್ದ. ಕಬ್ಬಿಣ ಬೇಡ, ಬಾಯೊಳಗೆ ಏನೂ ತುರುಕಬೇಡಿ, ನೀರೂ ಬೇಡ, ಮಗುವನ್ನು ಪಕ್ಕಕ್ಕೆ ಮಲಗಿಸಿ ಎಂದು ಕೂಗಿ ಹೇಳಿದೆ. ತಾಯಿಯ ಅಳು ನಿಲ್ಲದಿದ್ದಾಗ ಸ್ಪ್ರೇ ಹಿಡಿಯಲು ಅವನಿಗೇ ಹೇಳಿದೆ. ಮುಚ್ಚಳ ತೆಗೆಯುವುದು, ಮೂಗಿನ ಹೊಳ್ಳೆಗೆ ಇಡುವುದು, ಒತ್ತುವುದು, ಡಾಕ್ಟರು ಹೇಳಿದಂತೆ ಒಂದೊಂದಾಗಿ ಹೇಳುತ್ತ ಹೋದೆ. ಅವನು ಪ್ರತಿಯೊಂದಕ್ಕೂ "ಊಂ" ಎನ್ನುತ್ತಿದ್ದ. ಆಮೇಲೆ ಆ "ಊಂ" ಕೂಡ ನಿಂತಿತು. ಡ್ರೈವರಣ್ಣ ವ್ಯಾನಿನ ಬಾಗಿಲು ಹಿಡಿದುಕೊಂಡು ನೆಲ ನೋಡುತ್ತಿದ್ದರು. ನನ್ನ ಮಾಸ್ಕ್ ಬೆವರಿಗೋ ಕಣ್ಣೀರಿಗೋ ಒದ್ದೆಯಾಗಿ ಮೂಗಿಗೆ ಅಂಟಿಕೊಂಡಿತ್ತು. ಅದನ್ನು ಸರಿಸಲೂ ಭಯ.

ಕೊನೆಗೆ ಅವನ ದನಿಯೇ ಕೇಳಿತು. "ಅದುರೋದು ನಿಂತದೆ. ಉಸ್ರು ಆಡ್ತಾ ಅವ್ಳೆ. ನಿದ್ದೆ ಮಾಡೋಳಂಗೆ ಮಲಗವ್ಳೆ. ಇದು ಸರೀನಾ ಮೇಡಂ?"

ಸರಿ ಎಂದೆ. ಮಗುವಿಗೆ ಪೂರ್ತಿ ಎಚ್ಚರವಾಗುವವರೆಗೂ ಬೇಲಿಯ ಈಚೆಗೇ ಕಾದು, ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ, ಸಿರಪ್ ಹೇಗೆ ಕೊಡಬೇಕೆಂದು ತಾಯಿಗೆ ಹೇಳಿ ಹೊರಟೆವು. ಅಷ್ಟೊತ್ತಿಗೆ ಕಲ್ಲು ಹಿಡಿದಿದ್ದವನೇ ಒಂದು ಎಳನೀರು ಕೆತ್ತಿ ದಿಮ್ಮಿಯ ಮೇಲಿಟ್ಟಿದ್ದ. ಡ್ರೈವರಣ್ಣ ತಮಗೆ ಬೇಡವೆಂದು ಅದನ್ನು ನನಗೆ ಕೊಟ್ಟರು.

ವಾಪಸು ಬರುವಾಗ ಅವರೇ ಉಪಾಯ ಹೇಳಿದ್ದು: ಊರೊಳಗೆ ಬಿಡದಿದ್ದರೆ ಕಾವಲಿನವರ ಕೈಯಲ್ಲೇ ಕಳಿಸೋಣ. ಅಂದಿನಿಂದ ನಮ್ಮ ಕೆಲಸ ಹಾಗೇ ನಡೆಯಿತು. ಪ್ರತಿ ಊರ ಬೇಲಿಯಲ್ಲೂ ಒಬ್ಬರನ್ನು ಹುಡುಕಿ, ಫಿಟ್ಸ್ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ದೂರದಲ್ಲೇ ನಿಂತು ಹೇಳಿಕೊಟ್ಟೆವು. ಎಲ್ಲ ಕಡೆಯೂ ನಡೆಯಲಿಲ್ಲ. ಹೊಳೆನರಸೀಪುರದ ಕಡೆ ಒಂದು ಊರಿನವರು ಚೀಲವನ್ನೂ ಮುಟ್ಟಲಿಲ್ಲ. ಚನ್ನರಾಯಪಟ್ಟಣದ ಹತ್ತಿರದ ಒಬ್ಬ ಹುಡುಗ, ಗೋಡೆ ಹಿಡಿದು ನಿಲ್ಲಲು ಕಲಿತಿದ್ದವನು, ಸೆಂಟರ್ ಮತ್ತೆ ತೆರೆದಾಗ ಮೊಣಕಾಲು ಮಡಚಿಕೊಂಡೇ ಬಂದ. ಅವನನ್ನು ಮತ್ತೆ ನಿಲ್ಲಿಸಲು ನನ್ನಿಂದ ಇನ್ನೂ ಆಗಿಲ್ಲ.

ಈಗ ವಾರದಲ್ಲಿ ಒಂದು ದಿನ ಮಕ್ಕಳನ್ನು ಕರೆತರದೆ ನಾವೇ ಹಳ್ಳಿಗಳಿಗೆ ಹೋಗುತ್ತೇವೆ. ಹಾಗೆ ಮೊದಲ ಸಲ ಆ ಊರೊಳಗೆ ಹೋದಾಗ ಹುಡುಗಿ ಮನೆಯ ಕೋಣೆಯಲ್ಲಿರಲಿಲ್ಲ. ಹಿಂದಿನ ಸಾಲಿನ ಆ ರೈತನ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಅವನ ಮಗಳು ಅವಳ ತಲೆ ಬಾಚಿ ಜಡೆ ಹೆಣೆಯುತ್ತಿದ್ದಳು.