ನರ್ಸಿಗೆ ನಾನು ಹೇಳಿದ ಸುಳ್ಳು

ಶಿವಲೀಲಾ, ನಿನ್ನವ್ವನನ್ನು ಕ್ಯಾನ್ಸರ್ ಕೊಲ್ಲಲಿಲ್ಲ. ನಾನು ಹೇಳಿದ ಒಂದು ಸುಳ್ಳಿನಿಂದ ಅವಳು ಹೋದಳು. ಆರು ವರ್ಷ ಇದನ್ನು ನಿನ್ನಿಂದ ಮುಚ್ಚಿಟ್ಟೆ.

ಕಿಡ್ನಿಯ ಗಡ್ಡೆ ಶ್ವಾಸಕೋಶಕ್ಕೆ ಹಬ್ಬಿದಾಗ ಬೆಳಗಾವಿಯ ಡಾಕ್ಟರು ಹೊಸ ಇಂಜೆಕ್ಷನ್ ಶುರುಮಾಡಿದರು. ಅದು ತಾನಾಗಿ ಗಡ್ಡೆಯನ್ನು ಕೊಲ್ಲುವುದಿಲ್ಲವಂತೆ — ಮೈಯೊಳಗಿನ ರೋಗನಿರೋಧಕ ಶಕ್ತಿಗೆ ಕ್ಯಾನ್ಸರ್ ಒಡ್ಡಿದ ತಡೆಯನ್ನು ತೆಗೆಯುತ್ತದೆ, ಆಮೇಲೆ ಮೈಯೇ ಹೋರಾಡುತ್ತದೆ. "ಆದರ ಆ ಶಕ್ತಿ ಒಮ್ಮೊಮ್ಮೆ ನಮ್ಮ ಕರುಳಿನ ಮ್ಯಾಲೂ ತಿರುಗಿ ಬೀಳತೈತ್ರಿ. ಭೇದಿ ಹತ್ತಿದ್ರ ಅವತ್ತ ಫೋನ್ ಮಾಡ್ರಿ" ಎಂದು ನನಗೇ ಹೇಳಿದ್ದರು. ನೀನಾಗ ಹುಕ್ಕೇರಿಯಲ್ಲಿ ಬಾಣಂತಿ. ನಿನ್ನವ್ವ, ನನ್ನ ಅಕ್ಕ, ಅರಭಾವಿಯ ನನ್ನ ಮನೆಯಲ್ಲಿದ್ದಳು.

ಮೂರು ಇಂಜೆಕ್ಷನ್ ಆದ ಮೇಲೆ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಳಿದಿತ್ತು. ಅಕ್ಕ ಮತ್ತೆ ರೊಟ್ಟಿ ಬಡಿಯಲು ಕುಳಿತಳು. ಆ ಸಂತೋಷ — ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಮುಂದಿನ ವಾರವೇ ಭೇದಿ ಹತ್ತಿತು. ದಿನಕ್ಕೆ ಏಳೆಂಟು ಸಲ, ರಕ್ತ ಬೆರೆತು.

"ತಮ್ಮಾ, ಡಾಕ್ಟರಿಗೆ ಹೇಳೂಣು" ಎಂದಳು.

"ಹೇಳಿದ್ರ ಇಂಜೆಕ್ಷನ್ ನಿಲ್ಲಸ್ತಾರ. ಸುಮ್ಮನಿರಕ್ಕಾ."

ಘಟಪ್ರಭಾದ ಔಷಧ ಅಂಗಡಿಯಿಂದ ಭೇದಿ ನಿಲ್ಲುವ ಗುಳಿಗೆ ತಂದುಕೊಟ್ಟೆ. ಮೂರನೆಯ ದಿನ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು.

"ಭೇದಿ, ಜ್ವರ, ದಮ್ಮು ಏನಾರ ಅದಾವೇನ್ರಿ?"

"ಏನಿಲ್ರಿ. ಆರಾಮ ಅದಾರ."

ಬಾಜೂ ಮಲಗಿದ್ದ ಅಕ್ಕ ಕೇಳಿಸಿಕೊಂಡಳು. ಗೋಡೆಯ ಕಡೆ ಮಗ್ಗುಲಾದಳು.

ಆಸ್ಪತ್ರೆಗೆ ಹೋದಾಗಲೂ ಅದೇ ಮಾತು ಹೇಳಿದೆ. ನಾಲ್ಕನೆಯ ಇಂಜೆಕ್ಷನ್ ಕೊಟ್ಟರು. ಐದು ದಿನಕ್ಕೆ ಅವಳ ಕರುಳು ತೂತುಬಿತ್ತು. ಆಪರೇಷನ್ನಿಗೆ ಒಯ್ಯುವಾಗ ಡಾಕ್ಟರು, "ಭೇದಿ ಯಾವಾಗಿಂದ ಐತ್ರಿ?" ಎಂದು ಕೇಳಿದರು. ಆಗಲೂ — ಆಗಲೂ ನಾನು "ಮೊನ್ನಿಯಿಂದ" ಎಂದೆ. ಅಕ್ಕನಿಗೆ ಮತ್ತೆ ಎಚ್ಚರವಾಗಲಿಲ್ಲ. ಮೊದಲೇ ತಿಳಿಸಿದ್ದರೆ ಇಂಜೆಕ್ಷನ್ ನಿಲ್ಲಿಸಿ, ಕರುಳಿನ ಮೇಲೆ ತಿರುಗಿಬಿದ್ದ ಮೈಯ ಆ ಸಿಟ್ಟನ್ನು ಔಷಧಿಯಿಂದ ಇಳಿಸಬಹುದಿತ್ತಂತೆ.

ನಿನಗೆ ಮಾತ್ರ ರೋಗ ಕೈಮೀರಿತ್ತು ಎಂದೆ. ಮೊನ್ನೆ ನೀನು ಫೋನಿನಲ್ಲಿ, "ಮಾಮಾ, ಅವ್ವಗ ನೀವು ಮಾಡಿದಷ್ಟು ನಾನೂ ಮಾಡಲಿಲ್ರಿ" ಎಂದು ಅತ್ತೆ. ನಾನು ನಿನ್ನನ್ನು ಸಮಾಧಾನ ಮಾಡಿದೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಅವಳು ಡಾಕ್ಟರಿಗೆ ಹೇಳೋಣ ಎಂದಿದ್ದಳು. ಸುಮ್ಮನಾಗಿಸಿದವನು ನಾನು — ಇಷ್ಟು ನಿನಗೆ ಗೊತ್ತಿರಲಿ.