ಇನಿಶಿಯಲ್ ಬಿಡಿಸಿದ ಶನಿವಾರ

ಭಾರತದ ರಾಯಭಾರ ಕಚೇರಿ ಇರುವುದು ವಾಷಿಂಗ್ಟನ್ ನಗರದಲ್ಲಿ, ನಾವಿರುವುದು ವಾಷಿಂಗ್ಟನ್ ರಾಜ್ಯದಲ್ಲಿ. ಹೆಸರು ಒಂದೇ ಆದರೂ ನಡುವೆ ಇಡೀ ಅಮೆರಿಕ ಮಲಗಿದೆ. ಆ ವರ್ಷಗಳಲ್ಲಿ ನಮ್ಮ ಪಾಸ್‌ಪೋರ್ಟ್ ಕೆಲಸಗಳೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಕಾನ್ಸುಲೇಟ್‌ಗೆ ಸೇರಿದ್ದವು. ಅಲ್ಲಿಗೂ ವಿಮಾನವನ್ನೇ ಹತ್ತಬೇಕು. ಹಾಗಾಗಿ ಆಗೊಮ್ಮೆ ಈಗೊಮ್ಮೆ ಅಧಿಕಾರಿಗಳೇ ಠಸ್ಸೆ, ಇಂಕ್‌ಪ್ಯಾಡು ಕಟ್ಟಿಕೊಂಡು ಬಂದು, ನಮ್ಮ ಮನೆಗೆ ಹತ್ತಿರದ ಈಸ್ಟ್‌ಗೇಟ್‌ನ ಒಂದು ಹಾಲ್‌ನಲ್ಲಿ ಶನಿವಾರ ಕೂರುತ್ತಿದ್ದರು. ಮಡಚುವ ಮೇಜು, ಗೋಡೆಗೆ ಅಂಟಿಸಿದ ಧ್ವಜ, ಕ್ಯೂನಲ್ಲಿ ಅರ್ಧ ಬೆಂಗಳೂರು. ಅದನ್ನೇ ನಾವು ಪ್ರೀತಿಯಿಂದ ಎಂಬಸಿ ಎನ್ನುತ್ತಿದ್ದೆವು.

ನನ್ನ ಗಂಡನ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದು ಒಂದೇ ಹೆಸರು. ಸರ್‌ನೇಮ್ ಖಾಲಿ. ಅಮೆರಿಕದವರು ಇರುವ ಒಂದನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್ ಎನ್ ಯು ಎಂದು ಬರೆದರು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ "ಫ್ನೂ!" ಎಂದು ಕೂಗಿದರೆ ಈ ಪುಣ್ಯಾತ್ಮ ನಗುತ್ತ ಎದ್ದು ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್ ಇದ್ಯಲ್ಲ, ಅಪ್ಪನ ಹೆಸರು, ಬಿಡಿಸಿ ಬರಿಯೋ" ಎಂದರೆ "ನೋಡೋಣ" ಎನ್ನುತ್ತಿದ್ದ. ಅವನ "ನೋಡೋಣ" ಬಾಗಿಲ ಮೇಲೆ ಬರೆದ "ನಾಳೆ ಬಾ" ಇದ್ದಂತೆ.

ಆ ವರ್ಷ ಪಾಸ್‌ಪೋರ್ಟ್ ಅವಧಿ ಮುಗಿಯುವುದರಲ್ಲಿತ್ತು. ಈಗ ಬಿಟ್ಟರೆ ಇನ್ನು ಹತ್ತು ವರ್ಷ ನಾನು ಫ್ನೂನ ಹೆಂಡತಿ. ಟೋಟೆಮ್ ಲೇಕ್‌ನ ನಮ್ಮ ಮನೆಗೆ ಬಂದಿದ್ದ ಅತ್ತೆಯನ್ನೂ ಕರೆದುಕೊಂಡು ಹೊರಟೆವು. ಅವರು ಪುಳಿಯೋಗರೆ ಡಬ್ಬಿ ಹಿಡಿದು ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತರು.

ಫಾರ್ಮ್ ನೋಡಿ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು: "ಇದು ನಿಮ್ಮ ತಂದೆ ಹೆಸರಲ್ಲವಲ್ಲ?"

ಇಣುಕಿದೆ. ಸರ್‌ನೇಮ್ ಜಾಗದಲ್ಲಿ ಅತ್ತೆಯ ಹೆಸರಿತ್ತು! ಅವರ ಹೆಸರೂ ಮಾವನ ಹೆಸರೂ ಶುರುವಾಗುವುದು ಒಂದೇ ಅಕ್ಷರದಿಂದ. ನನಗೆ ಅನುಮಾನವೇ ಬಂದಿರಲಿಲ್ಲ.

"ನನ್ನನ್ನ ಸ್ಕೂಲಿಗೆ ಸೇರಿಸಿದ್ದು ಅಮ್ಮ," ಎಂದ ಅವನು, ನನ್ನ ಕಡೆ ತಿರುಗಿ. "ಅಪ್ಪ ಅಷ್ಟರಲ್ಲಿ ಮನೆ ಬಿಟ್ಟು ಹೋಗಿದ್ರು. ಇನಿಶಿಯಲ್ ಏನು ಅಂದಾಗ ಅಮ್ಮ ತನ್ನದೇ ಹೇಳಿದ್ಲು. ಎಲ್ಲರೂ ಅಪ್ಪನದು ಅಂದ್ಕೊಂಡ್ರು. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ಲು."

ಹತ್ತು ವರ್ಷದ "ನೋಡೋಣ" ಆಗ ಅರ್ಥವಾಯಿತು. ಅಪ್ಪನ ಹೆಸರು ಬರೆಯಲು ಮನಸ್ಸಿಲ್ಲ, ಅಮ್ಮನದು ಬರೆಯಲು ಮಾತು ಅಡ್ಡ. ಅವನನ್ನು ಬೈದದ್ದಕ್ಕೆಲ್ಲ ನಾಚಿಕೆಯಾಯಿತು. ಅಧಿಕಾರಿ ಹಳೆಯ ಮಾರ್ಕ್ಸ್ ಕಾರ್ಡ್ ತಿರುವಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದುಕೊಂಡೆ. ಕಾರ್ಡಿನಲ್ಲಿ ತಾಯಿಯ ಹೆಸರೂ ಇತ್ತು. ಅವರು ಠಸ್ಸೆ ಒತ್ತಿದರು.

ಸ್ವಲ್ಪ ಹೊತ್ತಿಗೆ ರಸೀದಿಗಾಗಿ ಮೈಕಿನಲ್ಲಿ ಆ ಸರ್‌ನೇಮ್ ಕೂಗಿದರು. ಗಂಡ ಎದ್ದ. ಹಿಂದಿನ ಸಾಲಿನಲ್ಲಿ ಅತ್ತೆಯೂ ಗಾಬರಿಯಿಂದ ಎದ್ದು ನಿಂತಿದ್ದರು.

"ನನ್ನ ಹೆಸರು ಯಾಕೋ ಕೂಗ್ತಿದಾರೆ?"

"ಅದು ನಂದು ಕಣಮ್ಮ. ಇನ್ಮೇಲೆ ನಂದು."

ಮಾತು ಮುರಿದದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ. ಅತ್ತೆ ಡಬ್ಬಿಯನ್ನು ಎದೆಗೊತ್ತಿಕೊಂಡು ಮೈಕಿನ ಕಡೆಗೇ ನೋಡುತ್ತಿದ್ದರು.

"ಇನ್ನೊಂದ್ಸಲ ಕೂಗೋಕೆ ಹೇಳು," ಎಂದರು.