ಮಸುಕಾಗಿ ಬಂದವಳು

ನನ್ನದು ಮದುವೆಯ ಕಣ್ಣು. ರೋಣದಲ್ಲಿ ಇಪ್ಪತ್ತು ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡು, ಅಕ್ಷತೆ ಬೀಳುವ ಹೊತ್ತಿಗೆ ಮದುಮಗಳ ಮುಖವೊಂದನ್ನೇ ಹಿಡಿದು, ಉಳಿದ ಲೋಕವನ್ನೆಲ್ಲ ಮಸುಕು ಮಾಡಿದರೇ ಚೆಂದ ಎಂದು ನಂಬಿದವನು. ಪಕ್ಕದಲ್ಲಿ ನಿಂತ ಸೋದರಮಾವ ಸರಿಯಾಗಿ ಕಾಣದಿದ್ದರೆ ಜನ ಜಗಳಕ್ಕೆ ಬರುತ್ತಾರೆ. ಬರಲಿ. ಮದುವೆ ಯಾರದು ಎಂದು ಕೇಳಿ ಬಾಯಿ ಮುಚ್ಚಿಸುತ್ತೇನೆ.

ಅದೇ ಕಣ್ಣು ಹೊತ್ತುಕೊಂಡು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋದೆ. ಫೋಟೋ ತೆಗೆಯಲು ನನ್ನನ್ನೇ ಕರೆದಿದ್ದರು. ಎಂಟನೆಯ ತರಗತಿಯ ನನ್ನ ಮಗಳೂ ಇನ್ನೂರು ಮೀಟರ್ ಓಟದಲ್ಲಿದ್ದಳು. ಮೊದಲ ಇಬ್ಬರಿಗಷ್ಟೇ ಜಿಲ್ಲಾ ಮಟ್ಟಕ್ಕೆ ಹೋಗುವ ಅವಕಾಶ. ಹಿಂದಿನ ವರ್ಷ ಮೂರನೆಯವಳಾಗಿ ಬಂದು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಈ ಸಲ ಮಳೆಗಾಲದುದ್ದಕ್ಕೂ ನಸುಕಿನಲ್ಲೆದ್ದು ಶಿರೋಳದ ರಸ್ತೆಯಲ್ಲಿ ಓಡಿದ್ದಳು. ನಾನು ಆಕಳಿಸುತ್ತ ಬೈಕಿನಲ್ಲಿ ಅವಳ ಹಿಂದೆ ಹೋಗುತ್ತಿದ್ದೆ.

ಚೀಲದಲ್ಲಿ ಎರಡು ಲೆನ್ಸು ಇದ್ದವು. ಒಂದು ನನ್ನದೇ ಹಳೆಯ ಸಣ್ಣ ಲೆನ್ಸು. ಮುಕ್ತಾಯದ ಗೆರೆಯ ಪಕ್ಕದಲ್ಲಿ ಅಡ್ಡ ನಿಂತರೆ ಓಡುವವರೆಲ್ಲ ಅದರೊಳಗೆ ಹಿಡಿಸುತ್ತಾರೆ, ಎಲ್ಲರೂ ನಿಚ್ಚಳ, ಆದರೆ ಮುಖಗಳು ಕಡಲೆಕಾಳಿನಷ್ಟು. ಇನ್ನೊಂದು ಗದಗಿನ ಗೆಳೆಯನಿಂದ ಕೇಳಿ ತಂದ ಉದ್ದನೆಯ ಝೂಮ್. ದೂರದ ಮುಖವನ್ನು ಎದುರಿಗೇ ಎಳೆದು ತರುತ್ತದೆ. ಅದರ ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದರೆ, ಹಿಡಿದ ಮುಖಕ್ಕಿಂತ ಅರ್ಧ ಹೆಜ್ಜೆ ಹಿಂದಿದ್ದದ್ದೂ ಮಸುಕು, ಮುಂದಿದ್ದದ್ದೂ ಮಸುಕು.

ಕೂಟದ ಉಸ್ತುವಾರಿಯ ಪಿಟಿ ಮಾಸ್ತರರು ಬಂದು ಹೇಳಿದರು. "ಗೆರಿ ಬಾಜೂಕ ಅಡ್ಡ ನಿಂತು ತಗೀರಿ. ಎಲ್ಲಾರೂ ಬರಬೇಕ್ರಿ, ಗೆರೀನೂ ಕಾಣಬೇಕು."

"ಆತ್ರಿ ಸರ್," ಎಂದೆ. ಅವರು ಅತ್ತ ತಿರುಗಿದ್ದೇ ತಡ, ಉದ್ದನೆಯದನ್ನು ಹಾಕಿಕೊಂಡು ಗೆರೆಯಿಂದಾಚೆ ಹದಿನೈದು ಹೆಜ್ಜೆ ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನಗೆ ಬೇಕಾಗಿದ್ದದ್ದು ಒಂದೇ ಮುಖ.

ಸೀಟಿ ಊದಿದರು. ತಿರುವಿನವರೆಗೆ ನನ್ನ ಮಗಳು ನಾಲ್ಕನೆಯವಳು. ತಿರುವು ಮುಗಿಯುತ್ತಲೇ ಒಬ್ಬಳನ್ನು ಹಿಂದೆ ಹಾಕಿದಳು. ಎಲ್ಲರಿಗಿಂತ ಮುಂದಿದ್ದ ಎತ್ತರದ ಹುಡುಗಿ ದಾರ ಹರಿದುಕೊಂಡು ನನ್ನ ಪಕ್ಕದಲ್ಲೇ ಹಾದುಹೋದಳು, ಅವಳನ್ನು ನಾನು ನೋಡಲೂ ಇಲ್ಲ. ಹಲ್ಲು ಕಚ್ಚಿಕೊಂಡು ಕಣ್ಣು ಅರಳಿಸಿ ಬರುತ್ತಿದ್ದ ನನ್ನ ಮಗಳ ಮೇಲೆ ಫೋಕಸ್ ಇಟ್ಟು ಒತ್ತಿದ ಬೆರಳು ಎತ್ತಲಿಲ್ಲ.

ನಮ್ಮ ಕೂಟಗಳಲ್ಲಿ ದಾರ ಮೊದಲನೆಯವರಿಗೆ ಮಾತ್ರ. ಎರಡನೆಯವರನ್ನು ಒಬ್ಬ ಶಿಕ್ಷಕರು, ಮೂರನೆಯವರನ್ನು ಇನ್ನೊಬ್ಬರು ಗೆರೆ ದಾಟುತ್ತಲೇ ರಟ್ಟೆ ಹಿಡಿದು ನಿಲ್ಲಿಸಬೇಕು. ಆ ದಿನ ಇಬ್ಬರೂ ನನ್ನ ಮಗಳನ್ನೇ ಹಿಡಿದರು, ಬಲರಟ್ಟೆ ಒಬ್ಬರು, ಎಡರಟ್ಟೆ ಒಬ್ಬರು. ಅವಳ ಜೊತೆಗೇ ಬಂದ ಹೊಳೆಆಲೂರಿನ ಹುಡುಗಿಯನ್ನು ಯಾರೂ ಹಿಡಿಯಲಿಲ್ಲ. ಅವಳು ಹಾಗೆಯೇ ಓಡಿ ಹೋಗಿ ಬೇಲಿಯ ಹತ್ತಿರ ನಿಂತಳು.

"ಇಕಿ ಎರಡನೇದಾಕಿ," ಎಂದರು ಒಬ್ಬರು. "ಅಲ್ರಿ, ಮೂರನೇದಾಕಿ," ಎಂದರು ಇನ್ನೊಬ್ಬರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪಿಟಿ ಮಾಸ್ತರರು ನನ್ನತ್ತ ಬಂದರು. "ತೋರಸ್ರಿ ನಿಮ್ಮ ಫೋಟೋ."

ತೋರಿಸಿದೆ. ಕ್ಯಾಮೆರಾದ ಪುಟ್ಟ ಪರದೆಯ ತುಂಬ ನನ್ನ ಮಗಳು, ರೆಪ್ಪೆಗೂದಲು ಎಣಿಸುವಷ್ಟು ನಿಚ್ಚಳ. ಪಕ್ಕದಲ್ಲಿ ಹೊಳೆಆಲೂರಿನ ಹುಡುಗಿ ಮಂಜಿನಲ್ಲಿದ್ದಂತೆ ಮಸುಕು. ಕೆಳಗೆ, ಮಗಳ ಕಾಲಿಗಿಂತ ಮುಂದೆ, ಸುಣ್ಣದ ಗೆರೆಯೂ ಮಸುಕು. ನೋಡಿದ ಕ್ಷಣಕ್ಕೇ ನನಗೆ ತಿಳಿಯಿತು. ಗೆರೆ ಎಷ್ಟು ಮಸುಕಾಗಿತ್ತೋ ಆ ಹುಡುಗಿಯೂ ಅಷ್ಟೇ ಮಸುಕು, ಅಂದರೆ ಅವಳು ಗೆರೆಯ ಮೇಲಿದ್ದಳು. ನನ್ನ ಮಗಳು ನಿಚ್ಚಳವಾಗಿ, ಅರ್ಧ ಹೆಜ್ಜೆ ಹಿಂದೆ. ಅದನ್ನು ಓದಬಲ್ಲವನು ಆ ಮೈದಾನದಲ್ಲಿ ನಾನೊಬ್ಬನೇ.

"ಮತ್ತೇನ ಬೇಕ್ರಿ, ಕಣ್ಣಿಗೆ ಹೊಡದಂಗ ಕಾಣತೈತಲ್ಲ," ಎಂದರು ಪಿಟಿ ಮಾಸ್ತರರು. "ಇಕೀನ ಮುಂದ ಅದಾಳ. ಎರಡನೇದು ಇಕಿ."

ನಾನು ಬಾಯಿ ತೆರೆಯಲಿಲ್ಲ. ತೀರ್ಪು ಅವರದು, ನನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ನಾನೇ ವಕೀಲನಾದೆ. ಮೈಕಿನಲ್ಲಿ ಹೆಸರು ಕೂಗಿದರು. ಗೆಳತಿಯರು ಮಗಳನ್ನು ಎತ್ತಿಕೊಂಡು ಕುಣಿದರು. ಅವಳು ಮೇಲಿನಿಂದಲೇ ನನ್ನ ಕಡೆ ಕೈ ಬೀಸಿದಳು, ನಾನೂ ಬೀಸಿದೆ. ನಾಚಿಕೆಯಾಗಬೇಕಿತ್ತು, ಆ ಕ್ಷಣ ನನಗಾದದ್ದು ಬರೀ ಖುಷಿ.

ಮುಂದಿನ ಓಟಕ್ಕೆ ಬ್ಯಾಟರಿ ಬದಲಿಸುತ್ತಿದ್ದಾಗ ಹೊಳೆಆಲೂರಿನ ಹುಡುಗಿ ಬಂದು ನಿಂತಳು. ಅಳುತ್ತಿರಲಿಲ್ಲ. "ಕಾಕಾ, ನಾನೂ ಒಮ್ಮಿ ನೋಡ್ಲಿ?"

ಇಲ್ಲ ಅನ್ನಲಾಗಲಿಲ್ಲ. ಅವಳು ಪರದೆಗೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಅಕಿ ಮಾರಿ ಎಷ್ಟ್ ಚಲೋ ಬಂದೈತ್ರಿ. ನಂದ್ಯಾಕ ಹಿಂಗ ಮಸುಕಾಗೇತಿ?"

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕ್ಯಾಮೆರಾ ಸರಿಯಿಲ್ಲ, ಬಿಸಿಲು ಹೆಚ್ಚಾಯಿತು, ಏನು ಹೇಳಿದರೂ ನಂಬುತ್ತಿದ್ದಳು. "ನೀ ಮುಂದ ಇದ್ದಿ ಯವ್ವಾ," ಎಂದುಬಿಟ್ಟೆ. "ಅದಕ್ಕ ಹಂಗ ಬಂದೈತಿ."

ಆಮೇಲೆ ಪಿಟಿ ಮಾಸ್ತರರ ಮುಂದೆ ನಿಂತು ಗೆರೆ ಯಾವುದು, ಮಸುಕು ಯಾಕೆ ಎಂದು ಬೆರಳಿಟ್ಟು ತೋರಿಸಿದೆ. ಅವರು ನನ್ನ ಮುಖ ನೋಡಿದರು, ಪಟ್ಟಿಯಲ್ಲಿ ಮಗಳ ಹೆಸರು ಹೊಡೆದು ಹಾಕಿದರು, ಎರಡನೆಯವಳು ಹೊಳೆಆಲೂರಿನ ಹುಡುಗಿ ಎಂದು ಮೈಕಿನಲ್ಲಿ ಇನ್ನೊಮ್ಮೆ ಕೂಗಿಸಿದರು. ಮೈದಾನದ ಆ ತುದಿಯಲ್ಲಿ ಗೆಳತಿಯರ ನಡುವಿದ್ದ ಮಗಳು ಅದನ್ನು ಎಲ್ಲರ ಜೊತೆ ಕೇಳಿಸಿಕೊಂಡಳು.

ಮನೆಗೆ ಹೊರಡುವಾಗ ಮಗಳು ಬೈಕಿನ ಹತ್ತಿರ ಬಂದಳು, ಫೋಟೋದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಖರೇ ಹೇಳಬೇಕಾದ್ದು ಹೇಳಿದೆ, ಬೈದರೆ ಬೈಯಲಿ ಎಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಒಳಗೊಳಗೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ ಕೂಡ.

"ಅಪ್ಪಾ, ಫೋಟೋ ನೋಡಿದ ಕೂಡ್ಲೇ ನಿಂಗ ಗೊತ್ತಾಗಿತ್ತಲ್ಲ?"

"ಹೂಂ."

"ಮತ್ತ ನಾ ಕುಣಿಯೂದನ್ನ ಯಾಕ ನೋಡಕೋತ ನಿಂತಿ?"

ನಾನು ಕಿಕ್ ಹೊಡೆಯುತ್ತಲೇ ಇದ್ದೆ. ಬೈಕು ಚಾಲೂ ಆಗಲಿಲ್ಲ. ಅವಳು ಹಿಂದೆ ಹತ್ತದೆ ಅಲ್ಲೇ ನಿಂತಿದ್ದಳು.